ಕಾಳಜಿ ಕೇಂದ್ರದಲ್ಲಿ ತಂಗಿಯ ಮದುವೆ

ತಂಗಿಯ ಮದುವೆ ನಾಡಿದ್ದು ಎನ್ನುವ ದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬೂದಿ ಬೀಳತೊಡಗಿತು. ಮೊದಲು ನೋಡಿದವಳು ನಾನು. ಚಪ್ಪರದ ಕೆಳಗೆ ರಂಗೋಲಿ ಹಾಕುತ್ತಿದ್ದೆ. ಬಿಳಿ ಎಳೆಯ ಮೇಲೆ ಕಪ್ಪಗೆ, ಹಗುರಾಗಿ ಏನೋ ಬಂದು ಕೂತಿತು. ಬಗ್ಗಿ ನೋಡಿದರೆ ಬಿದಿರೆಲೆ. ಪೂರ್ತಿ ಕರಕಲಾಗಿದ್ದರೂ ಅದರ ಒಂದೊಂದು ಗೆರೆಯೂ ಹಾಗೇ ಇತ್ತು. ಬೆರಳು ತಾಕಿಸಿದ್ದೇ ತಡ, ಪುಡಿಯಾಯಿತು.

ನಮ್ಮೂರು ಇರುವುದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿ. ಊರ ಹಿಂದೆ ಹೊಲ, ಹೊಲದಾಚೆ ಆನೆ ದಾಟದಿರಲೆಂದು ತೋಡಿದ ಕಂದಕ, ಕಂದಕದಾಚೆ ಕಾಡು, ಕಾಡಿನ ನೆತ್ತಿಗೆ ಬೆಟ್ಟ. ನಾನು ಮದುವೆಯಾಗಿ ಹೋದದ್ದು ಚಾಮರಾಜನಗರದ ಆಚೆಯ ಚಂದಕವಾಡಿಗೆ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ತಂಗಿಯ ಮದುವೆಗೆಂದು ರಜೆ ಹಾಕಿ ತವರಿಗೆ ಬಂದಿದ್ದೆ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಎಲ್ಲಾದರೂ ಹೊಗೆ ಏಳುವುದು, ಅರಣ್ಯ ಇಲಾಖೆಯವರ ಜೀಪು ಓಡಾಡುವುದು, ಆಮೇಲೆ ಎಲ್ಲ ತಣ್ಣಗಾಗುವುದು ನಮಗೆ ಹೊಸದೇನಲ್ಲ. ಹಾಗಾಗಿ ಬೇಯಿಸಿದ ಅರಿಶಿನವನ್ನು ಕಣದಲ್ಲಿ ಹರವುತ್ತಿದ್ದ ಅಪ್ಪನಿಗೆ ಕೂಗಿ ಹೇಳಿದಾಗ ಅವನು ತಲೆಯನ್ನೂ ಎತ್ತಲಿಲ್ಲ.

"ಎಲ್ಲೋ ಮೇಲ್ಗಡೆ ಕಣವ್ವ. ವರ್ಸ ವರ್ಸ ಬೀಳದೇ ಅಲ್ವಾ."

ಆದರೆ ಆ ದಿನ ಗಾಳಿ ಬೆಟ್ಟದಿಂದ ಊರಿನ ಕಡೆಗೆ ಬೀಸುತ್ತಿತ್ತು. ಬಿಸಿಲೇರುವ ಹೊತ್ತಿಗೆ ಬೆಟ್ಟವೇ ಕಾಣದಾಯಿತು. ಅದು ಇರಬೇಕಾದ ಕಡೆ ಹಳದಿ ಹೊಗೆಯ ಗೋಡೆ ಎದ್ದಿತ್ತು, ಅದರ ತುಂಬ ಹದ್ದುಗಳು ಸುತ್ತುತ್ತಿದ್ದವು. ಬೆಂಕಿಗೆ ಹೆದರಿ ಹಾರುವ ಹುಳುಹುಪ್ಪಟೆ ಹಿಡಿಯಲು ಅವು ಬರುತ್ತವೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಒಣಗಿದ ಲಂಟಾನ ಪೊದೆಗಳಿಗೆ ಹತ್ತಿದ ಬೆಂಕಿ ಬಿದಿರ ಮೆಳೆಗಳಿಗೆ ದಾಟಿತ್ತು. ಬಿದಿರಿನ ಗೆಣ್ಣುಗಳು ಸಿಡಿಯುವ ಸದ್ದು ಊರಿನವರೆಗೆ ಕೇಳಿಸುತ್ತಿತ್ತು. ಮದುವೆಗೆ ಬಂದಿದ್ದ ನಮ್ಮ ಸೋದರತ್ತೆ ಯಾರೋ ಪಟಾಕಿ ಹಚ್ಚುತ್ತಿದ್ದಾರೆ ಎಂದುಕೊಂಡು ಹೊರಗೆ ಬಂದವಳು ಹಾಗೇ ನಿಂತುಬಿಟ್ಟಳು.

ಆಗ ಜಿಂಕೆಗಳು ಬಂದವು. ಹೊಲದಿಂದ ಬಂದು, ನಮ್ಮ ಹಿತ್ತಲ ಬೇಲಿ ಹಾರಿ, ಅಪ್ಪ ಹರವಿದ ಅರಿಶಿನ ತುಳಿದು, ಚಪ್ಪರದ ಕೆಳಗೇ ಹಾದು ಬೀದಿಗಿಳಿದವು. ನಾನು ಕೈ ಚಾಚಿದ್ದರೆ ಒಂದರ ಮೈ ಮುಟ್ಟಬಹುದಿತ್ತು. ಬೀದಿಯ ನಾಯಿಗಳು ಬೊಗಳಲಿಲ್ಲ. ಜಿಂಕೆಗಳು ನಮ್ಮನ್ನು ಮರಗಿಡಗಳೋ ಎಂಬಂತೆ ಬಳಸಿಕೊಂಡು ಹೋದವು. ಅಪ್ಪ ಕೈಯಲ್ಲಿದ್ದ ಬಾಚುಗೋಲನ್ನು ನಿಧಾನವಾಗಿ ನೆಲಕ್ಕೆ ಇಟ್ಟ. ಅವನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ದೇವರ ಮುಂದೆ ನಿಂತವರ ಮುಖದಲ್ಲಿರುವಂಥದ್ದೇನೋ ಇತ್ತು.

ಅವುಗಳ ಹಿಂದೆಯೇ ಮೈಕು ಕಟ್ಟಿದ ಜೀಪು ಬಂತು. "ಊರು ಖಾಲಿ ಮಾಡಬೇಕು, ಗಾಬರಿ ಬೇಡ, ಬಸ್ಸು ಬರ್ತಾ ಇದೆ, ದನಕರುಗಳಿಗೂ ಗಾಡಿ ಬರ್ತಾ ಇದೆ" ಎಂದು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ದನಕರು ಎಂಬ ಮಾತು ಸೇರಿಸಿದವರು ಯಾರೋ, ಅವರಿಗೆ ಹಳ್ಳಿ ಗೊತ್ತಿತ್ತು. ಅದಿಲ್ಲದೆ ನಮ್ಮೂರಿನ ಅರ್ಧ ಜನ ಕದಲುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೂಡ್ಸ್ ಆಟೋಗಳು, ಹಲಗೆ ಇಳಿಬಿಟ್ಟ ಲಾರಿಗಳು ಬಂದವು. ಪಶು ಆಸ್ಪತ್ರೆಯವರು ಯಾರ ಹಸು ಯಾವುದು ಎಂದು ಗೊಂದಲವಾಗದಿರಲೆಂದು ಕೊಂಬಿಗೆ ಬಣ್ಣ ಬಳಿದು ಹತ್ತಿಸಿದರು.

ನಮ್ಮ ಮನೆಯಲ್ಲಿ ಮಾತ್ರ ಅವ್ವ ಹೊಸಿಲ ಮೇಲೆ ಕೂತುಬಿಟ್ಟಿದ್ದಳು. ಚಪ್ಪರಕ್ಕೆ ಹಾಲುಗಂಬ ನೆಟ್ಟು ಪೂಜೆ ಮಾಡಿದ ಮೇಲೆ ಮದುಮಗಳು ಊರ ಗಡಿ ದಾಟುವ ಹಾಗಿಲ್ಲ, ಮನೆಗೆ ಬೀಗ ಹಾಕುವ ಹಾಗಿಲ್ಲ. ಮನೆ ಮನೆ ತಿರುಗಿ ಜನರನ್ನು ಹೊರಡಿಸುತ್ತಿದ್ದ ಗ್ರಾಮಲೆಕ್ಕಿಗರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಳ್ಳುತ್ತಿದ್ದರು.

"ಅಮ್ಮ, ಬೆಂಕಿ ಕಂದಕದ ಹತ್ರ ಬಂದದೆ. ದಯವಿಟ್ಟು ಎದ್ದೇಳಿ."

"ನೀವ್ ಓಗಿ ಸಾಮಿ. ನಾನೂ ನನ್ ಮಗ್ಳೂ ಇರ್ತೀವಿ. ದೇವ್ರು ಕಾಯ್ತಾನೆ."

ತಂಗಿ ಒಳಗಿನಿಂದ ಬಂದಳು. ಕೈತುಂಬ ಹಸಿರು ಬಳೆ, ಕೆನ್ನೆಯಲ್ಲಿ ಇನ್ನೂ ಅರಿಶಿನ. ಅಷ್ಟು ದಿನ ಮದುಮಗಳೆಂದು ತಲೆ ತಗ್ಗಿಸಿಕೊಂಡಿದ್ದವಳು ದೇವರ ಮುಂದಿನ ಕಲಶವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಅವ್ವನನ್ನು ದಾಟಿ ಅಂಗಳಕ್ಕಿಳಿದಳು.

"ದೇವ್ರು ಜೀಪಲ್ಲಿ ಬಂದು ಕೂಗ್ತಾ ಅವ್ನೆ ಕಣವ್ವ. ಇನ್ನೆಂಗೆ ಏಳ್ಬೇಕು ನಿಂಗೆ? ಬಾ, ಓಗನ."

ಹಿಂತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು. ಅವ್ವ ಬಾಯಿ ಬಿಟ್ಟುಕೊಂಡು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ತಾಳಿಯ ಗಂಟನ್ನು ಮಡಿಲಿಗೆ ಸಿಕ್ಕಿಸಿಕೊಂಡು, ಬಾಗಿಲನ್ನು ಬರಿದೆ ಎಳೆದುಕೊಂಡು ಹೊರಟಳು. ಬೀಗ ಹಾಕಲಿಲ್ಲ.

ಕೆರೆ ಏರಿಯ ಮೇಲೆ ಬಸ್ಸು ನಿಂತಿತು. ಡ್ರೈವರು ಕೈ ತೋರಿಸಿದರು. ಬೇಸಿಗೆಗೆ ಇಳಿದುಹೋಗಿದ್ದ ಕೆರೆಯ ನಡುವೆ ಆನೆಗಳು ನಿಂತಿದ್ದವು. ದೊಡ್ಡವು ಸುತ್ತಲೂ, ಮರಿಗಳು ನಡುವೆ. ಒಂದು ಆನೆ ಸೊಂಡಿಲಲ್ಲಿ ನೀರು ತುಂಬಿ ಮರಿಯ ಬೆನ್ನ ಮೇಲೆ ಸುರಿಯುತ್ತಿತ್ತು. ಮರಿಗೆ ಬೇಕೋ ಬೇಡವೋ ನೋಡದೆ ತಲೆಗೆ ನೀರು ಹಾಕುವ ನಮ್ಮ ತಾಯಂದಿರ ಹಾಗೆ. ಬೆಳೆ ಮೇಯುತ್ತವೆಂದು ನಾವು ತಮಟೆ ಬಡಿದು, ಬೈದು, ಓಡಿಸುತ್ತಿದ್ದ ಆನೆಗಳೇ ಅವು. ಬಸ್ಸಿನವರೆಲ್ಲ ಕಿಟಕಿಗಳ ಕಡೆ ಬಾಗಿ ನೋಡಿದರು. ಅವುಗಳೂ ನಮ್ಮನ್ನು ನೋಡಿದವು. ಅವರವರ ಮನೆ ಬಿಟ್ಟು ಹೊರಟವರು ಒಂದೇ ದಾರಿಯಲ್ಲಿ ಎದುರಾದಂತಿತ್ತು.

ಗುಂಡ್ಲುಪೇಟೆಯ ಸರ್ಕಾರಿ ಕಾಲೇಜಿನ ಗೇಟಿಗೆ ಬಟ್ಟೆಯ ಬ್ಯಾನರು ಕಟ್ಟಿತ್ತು: ಕಾಳಜಿ ಕೇಂದ್ರ. ನಾನು ಸರ್ಕಾರಿ ಸಂಬಳ ಪಡೆಯುವವಳು. ಚುನಾವಣೆ, ಜನಗಣತಿ ಎಂದು ಎಷ್ಟೋ ಸಲ ಡ್ಯೂಟಿ ಮಾಡಿದ್ದೇನೆ. ಸುತ್ತೋಲೆಗಳಲ್ಲಿ ಈ ಹೆಸರನ್ನು ಓದಿದ್ದೂ ಉಂಟು. ಸುತ್ತೋಲೆಯ ಮಾತುಗಳೆಲ್ಲ ಒಂದೇ ಥರ ಒಣಗಿರುತ್ತವೆ, ಇದೂ ಹಾಗೇ ಎಂದುಕೊಂಡಿದ್ದೆ. ಆ ದಿನ ಕಲಶ ಹಿಡಿದ ತಂಗಿಯ ಹಿಂದೆ ಆ ಬ್ಯಾನರಿನ ಕೆಳಗೆ ಹಾದಾಗ ಆ ಎರಡೂ ಪದಗಳನ್ನು ಮೊದಲ ಸಲ ಓದಿದಂತಾಯಿತು.

ಒಳಗೆ ಜಮಖಾನ ಹಾಸಿತ್ತು. ನೀರಿನ ಟ್ಯಾಂಕರು ಬಂದಿತ್ತು. ನರ್ಸಮ್ಮನೊಬ್ಬರು ಬಂದವರ ಕಣ್ಣಿಗೆಲ್ಲ ಹನಿ ಹಾಕುತ್ತಿದ್ದರು, ಕೆಮ್ಮುವವರನ್ನು ಡಾಕ್ಟರ ಕಡೆ ಕಳಿಸುತ್ತಿದ್ದರು. ಬೇರೆ ಬೇರೆ ಶಾಲೆಗಳಿಂದ ಕರೆಸಿದ್ದ ಬಿಸಿಯೂಟದ ಅಡುಗೆಯವರು ಹಿಂದಿನ ಬಯಲಲ್ಲಿ ಒಲೆ ಹೂಡಿದ್ದರು. ಮುದ್ದೆ, ಅವರೆಕಾಳು ಸಾರು. ಊಟ ಬಡಿಸುತ್ತಿದ್ದ ಹೆಂಗಸು ಅವ್ವನ ತಟ್ಟೆ ನೋಡಿ ಗದರಿದರು.

"ಇದೇನ್ ಕ್ವಾಳಿ ಕುಕ್ಕಿದಂಗೆ ಉಣ್ತಿದ್ದೀಯವ್ವ? ಇನ್ನೊಂದು ಮುದ್ದೆ ಮುರಿ."

ಬೇರೆಯವರ ಮನೆಯಲ್ಲಿ ನೀರು ಕುಡಿಯಲೂ ಸಂಕೋಚಪಡುವ ಅವ್ವ ತಟ್ಟೆ ಮುಂದೆ ಹಿಡಿದಳು.

ಮಾರನೆಯ ದಿನ ಮಾತು ಮದುವೆಯ ಕಡೆ ತಿರುಗಿತು. ತಿರುಗಿಸಿದವಳು ಸೋದರತ್ತೆ. "ಚಪ್ಪರದ್ ಮ್ಯಾಲೆ ಬೂದಿ ಬಿದ್ಮೇಲೆ ಇನ್ನೇನ್ ಮದ್ವೆ? ಇದು ಒಳ್ಳೆ ಸಕುನ ಅಲ್ಲ ಕಣಪ್ಪ. ಗಂಡಿನ ಕಡೇರು ಏನಂದ್ಕತಾರೋ" ಎಂದು ಎಲ್ಲರ ಕಿವಿಗೂ ಬೀಳುವಂತೆ ಹೇಳಿದಳು. ಮದುವೆ ಮುಂದಕ್ಕೆ ಹಾಕುವುದು ಎಂದು ಅಪ್ಪ ಆಗಲೇ ತೀರ್ಮಾನ ಮಾಡಿಕೊಂಡ ಹಾಗಿತ್ತು. ಊರಿಗೆ ಊರೇ ಜಮಖಾನದ ಮೇಲೆ ಕೂತಿರುವಾಗ ವಾಲಗ ಊದಿಸುವುದು ಹೇಗೆ ಎಂದಷ್ಟೇ ನನ್ನ ಹತ್ತಿರ ಹೇಳಿದ. ತಂಗಿ ಗೋಡೆಗೆ ಒರಗಿ ಕೂತು ಬಳೆ ಎಣಿಸುವವಳ ಹಾಗೆ ಕೈ ನೋಡಿಕೊಳ್ಳುತ್ತಿದ್ದಳು. ಬಸ್ಸಿನ ಕಡೆ ದಾಪುಗಾಲು ಹಾಕಿದವಳು ಇವಳೇನಾ ಅನ್ನಿಸಿತು.

ಗಂಡಿನ ಕಡೆಯವರದು ಹರದನಹಳ್ಳಿ. ಮಧ್ಯಾಹ್ನದ ಹೊತ್ತಿಗೆ ಬೀಗರಾಗಬೇಕಾದವರು ಮಗನ ಬೈಕಿನ ಹಿಂದೆ ಕೂತು ಬಂದರು. ದಾರಿಯುದ್ದಕ್ಕೂ ಹೊಗೆ ಕುಡಿದು ಅವರ ಕಣ್ಣು ಕೆಂಪಾಗಿದ್ದವು. ಅಪ್ಪ ಎದ್ದು ನಿಂತು ಕೈ ಮುಗಿದ. ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಯಾರ ಮುಖವನ್ನೂ ನೋಡದೆ ಅವ್ವನ ಎದುರಿಗೆ ಹೋಗಿ ಕೂತು, "ಎಲ್ಲಾರೂ ಉಷಾರಾಗಿದ್ದೀರಾ ತಾಯಿ? ಮಗಿ ಉಣ್ತಾ?" ಎಂದು ಕೇಳಿದರು.

ಅಪ್ಪ ತಡೆಯಲಾರದೆ ಹೇಳಿದ: "ಬೀಗ್ರೇ, ಈ ಮದ್ವೆ ಈಗ ಆಗಕಿಲ್ಲ. ನಿಮ್ಗೆ ಮನ್ಸಿಗೆ ಬರದಿದ್ರೆ ಇಲ್ಗೇ ಬುಟ್ಬುಡಿ. ನಾವೇನೂ ಅನ್ಕಳಲ್ಲ."

"ಬುಡು ಬುಡು ಅಂತೀರಲ್ಲ, ಯಾತಕ್ಕೆ ಬುಡದು?" ಎಂದರು ಅವರು. "ನಾವು ಎಣ್ಣ ಕೇಳ್ದೋ, ನಿಮ್ ಊರ ಕೇಳಿದ್ವಾ? ಎಣ್ಣು ಇಲ್ಲೇ ಕೂತದ, ಗಂಡು ಅಲ್ಲಿ ಗಾಡಿ ನಿಲ್ಸ್ತಾ ಅವ್ನೆ. ಇನ್ನೇನ್ ಬೇಕು?"

ಹರದನಹಳ್ಳಿಗೇ ಹೋಗಿ ಮಾಡೋಣ ಎಂದರು ಯಾರೋ. ಹೆಣ್ಣಿನ ಮನೆಯಲ್ಲೇ ಧಾರೆಯಾಗುವುದು ನಮ್ಮ ಪದ್ಧತಿ ಎಂದಳು ಅವ್ವ. ಅಷ್ಟು ಜನ ಬಂಧುಬಳಗ ಬಿಟ್ಟು ನಾವು ಹೋಗುವುದು ಯಾರಿಗೂ ಸರಿ ಕಾಣಲಿಲ್ಲ. ಹೀಗೆ ಮಾತು ಏರುತ್ತಿರುವಾಗ ತಹಸೀಲ್ದಾರ್ ಮೇಡಂ ಒಳಗೆ ಬಂದರು. ಹಿಂದಿನ ದಿನದಿಂದ ಅವರನ್ನು ನೋಡುತ್ತಲೇ ಇದ್ದೆ. ಹಿಂದಿನ ದಿನ ಉಟ್ಟಿದ್ದ ಸೀರೆಯಲ್ಲೇ ಇದ್ದರು. ಜಡೆಯ ತುಂಬ ಬೂದಿ. ಕಾಡಂಚಿಗೆ ಹೋಗುತ್ತಿದ್ದರು, ಬರುತ್ತಿದ್ದರು, ನಿಂತೇ ಟೀ ಕುಡಿಯುತ್ತಿದ್ದರು. ಏನು ಗಲಾಟೆ ಎಂದು ವಿಚಾರಿಸಿದರು. ನಾನೇ ವಿಷಯ ಹೇಳಿದೆ.

ಅವರು ಅಪ್ಪನನ್ನೂ ತಂಗಿಯನ್ನೂ ನೋಡಿದರು. ಇಂಥದ್ದಕ್ಕೆ ಯಾವ ನಿಯಮವಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಚೆ ಹೋಗಿ ಫೋನಿನಲ್ಲಿ ಮೇಲಿನವರೊಂದಿಗೆ ಮಾತಾಡಿದರು. ತಿರುಗಿ ಬಂದು ಅಪ್ಪನಿಗೆ ಹೇಳಿದರು: "ಯಜಮಾನ್ರೇ, ಮುಹೂರ್ತ ಎಷ್ಟೊತ್ತಿಗೆ?"

"ನಾಳೆ ಬೆಳಿಗ್ಗೆ ಇತ್ತು ತಾಯಿ."

"ಇತ್ತು ಅಲ್ಲ, ಇದೆ. ಸಭಾಂಗಣ ಖಾಲಿ ಮಾಡಿಸ್ತೀನಿ. ಚಪ್ಪರ ಹೊರಗಡೆ ಹಾಕಬೇಡಿ, ಗಾಳಿ ಇದೆ. ಒಲೆ, ಹೋಮ ಯಾವುದೂ ಒಳಗಡೆ ಬೇಡ. ಇನ್ನೇನು ಬೇಕು ಹೇಳಿ."

ಅಪ್ಪ ಏನೂ ಬೇಡ ಎನ್ನುವಂತೆ ಕೈ ಮುಗಿದ. ಅವ್ವ ಮಾತ್ರ ಹಿಂದಿನಿಂದ ಮೆಲ್ಲಗೆ, "ಧಾರೆಗೆ ನಮ್ ಅಸೀನ ಆಲು ಬೇಕಿತ್ತು" ಎಂದಳು. ನನಗೆ ನಾಚಿಕೆಯಾಯಿತು. ಅಷ್ಟು ದೊಡ್ಡ ಬೆಂಕಿಯ ನಡುವೆ ಹೋಗಿ ಹೋಗಿ ಒಂದು ಲೋಟ ಹಾಲು ಕೇಳುವುದೇ? ಮೇಡಂ ನಗಲಿಲ್ಲ. "ಹಸು ಎಪಿಎಂಸಿ ಯಾರ್ಡಲ್ಲಿ ಇರಬೇಕಲ್ಲ? ಕೊಂಬಿಗೆ ಯಾವ ಬಣ್ಣ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಯ ಜೀಪಿನಲ್ಲಿ ನಮ್ಮ ಹಸುವಿನ ಹಾಲು ಬಂತು. ಸ್ಟೀಲು ಕ್ಯಾನಿನ ಬಾಯಿಗೆ ಒಗೆದ ಬಿಳಿ ಬಟ್ಟೆ ಕಟ್ಟಿತ್ತು. ತಂದವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನಿಗೆ ಕೊಟ್ಟರು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡದ್ದನ್ನು ನಾನು ಎಂದೂ ಮರೆಯಲಾರೆ.

ಬೇಗೂರಿನ ವಾಲಗದವರು, ಯಾರೂ ಮತ್ತೆ ಹೇಳಿಕಳಿಸದೆ ಇದ್ದರೂ, ಒಪ್ಪಿಕೊಂಡ ಮದುವೆ ಎಂದು ಬಂದರು. ಗಂಡಿನ ಕಡೆಯವರು ಶಾವಿಗೆ, ಬೆಲ್ಲ ತಂದಿದ್ದರು. ಬಿಸಿಯೂಟದ ಅಡುಗೆಯವರು ಅದರಲ್ಲಿ ಊರಿಗೆಲ್ಲ ಪಾಯಸ ಮಾಡಿದರು. ನರ್ಸಮ್ಮ ತಂಗಿಗೆ ಜಡೆ ಹಾಕಿ ಮಲ್ಲಿಗೆ ಮುಡಿಸಿದರು. ರವಿಕೆ ಹೊಲಿಯಲು ಕೊಟ್ಟಿದ್ದರಿಂದ ಧಾರೆ ಸೀರೆ ಮೊದಲೇ ಗುಂಡ್ಲುಪೇಟೆಯ ಟೈಲರ ಬಳಿ ಇತ್ತು. ಊರಲ್ಲೇ ಉಳಿಯದೆ ಕೈಗೆ ಸಿಕ್ಕಿದ್ದು ಹಾಗೆ. ಸಭಾಂಗಣದ ಕಪ್ಪುಹಲಗೆಯ ಮೇಲೆ ಹಿಂದಿನ ವಾರದ ಪಾಠ ಇನ್ನೂ ಅಳಿಸಿರಲಿಲ್ಲ. ಅದರ ಕೆಳಗೇ ಹಸೆಮಣೆ.

ಸೋಬಾನೆ ಹಾಡಲು ಹೆಂಗಸರಿಗೆ ಮೊದಲು ದನಿ ಏಳಲಿಲ್ಲ. ಬೆಟ್ಟದಲ್ಲಿ ಆ ಹೊತ್ತಿಗೂ ಜನ ಹಸಿರು ಸೊಪ್ಪು ಕಟ್ಟಿದ ಬರಲು ಪೊರಕೆ ಹಿಡಿದು ಬೆಂಕಿ ಬಡಿಯುತ್ತಿದ್ದಾರೆ ಎಂಬುದು ಎಲ್ಲರ ಮನಸ್ಸಿನಲ್ಲಿತ್ತು. ಕೊನೆಗೆ ಶುರು ಮಾಡಿದವಳು ಶಕುನ ಹೇಳಿದ್ದ ಸೋದರತ್ತೆಯೇ. ಅವಳ ಗಂಟಲು ಹೊಗೆಗೆ ಕಟ್ಟಿಹೋಗಿತ್ತು. ಒಡಕು ದನಿಯಲ್ಲಿ ಒಂದು ಸಾಲು ಎಳೆದಳು, ಉಳಿದವರು ಹಿಡಿದುಕೊಂಡರು. ನಮ್ಮೂರಿನವರ ಜೊತೆಗೆ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆಯರು, ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೊಲೀಸಿನವರು ಕೂಡ ಸೇರಿಕೊಂಡರು.

ಅಪ್ಪ ಅವ್ವ ಹಾಲು ಎರೆದು ಧಾರೆಯಾಗಿ, ತಾಳಿ ಕಟ್ಟುವ ಹೊತ್ತಿಗೆ ಕಟ್ಟಡವೇ ನಡುಗುವಂಥ ಸದ್ದು ಬಂತು. ಕಿಟಕಿಯ ಗಾಜು ಗಡಗಡ ಅಂದವು. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು, ಒಂದು ಸ್ವರವೂ ಕೇಳಲಿಲ್ಲ. ಕಿಟಕಿಯ ಹತ್ತಿರವಿದ್ದ ನಾನು ಬಗ್ಗಿ ನೋಡಿದೆ. ಹೆಲಿಕಾಪ್ಟರ್. ಅದರ ಹೊಟ್ಟೆಯಿಂದ ಹಗ್ಗ ಇಳಿಬಿದ್ದಿತ್ತು, ಹಗ್ಗದ ತುದಿಗೆ ಕೆಂಪು ತೊಟ್ಟಿ. ಯಾವುದೋ ಕೆರೆಯಲ್ಲಿ ಅದ್ದಿ ಎತ್ತಿದ ನೀರು ತೊಟ್ಟಿಯ ಅಂಚಿನಿಂದ ಚೆಲ್ಲುತ್ತಿತ್ತು. ಚೆಲ್ಲಿದ ನೀರು ಬಿಸಿಲಿನಲ್ಲಿ ಹೊಳೆಯುತ್ತ ಕಾಲೇಜಿನ ಬಯಲ ಮೇಲೆ ತುಂತುರಾಗಿ ಬಿತ್ತು. ಅದು ಬೆಟ್ಟದ ಕಡೆ ಸಣ್ಣದಾಗುತ್ತ ಹೋಯಿತು. ಒಂದು ಕೊಡ ನೀರಿಗೆ ಟ್ಯಾಂಕಿನ ಮುಂದೆ ಜಗಳವಾಡಿ ಬೆಳೆದವರು ನಾವು. ಈಗ ನೀರು ಆಕಾಶದಲ್ಲಿ ನಡೆದುಕೊಂಡು ನಮ್ಮೂರಿಗೆ ಹೋಗುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ತಂಗಿಯ ತಲೆಯ ತುಂಬ ಅಕ್ಷತೆ. ಬಾಗಿಲ ಬಳಿ ತಹಸೀಲ್ದಾರ್ ಮೇಡಂ ಅಕ್ಷತೆ ಎಸೆದ ಕೈಯಲ್ಲೇ ಫೋನು ಹಿಡಿದು ಯಾರಿಗೋ, "ಮೇಲಿನ ಕಡೆಗೆ ಇನ್ನೆರಡು ಟ್ಯಾಂಕರ್ ಕಳಿಸಿ" ಎನ್ನುತ್ತಿದ್ದರು.

ಆಮೇಲೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಂಕಿ ಕಂದಕ ದಾಟಿ ಹೊಲದ ಅಂಚಿನವರೆಗೆ ಬಂದಿತ್ತು. ಕೆಲವರ ಕೊಟ್ಟಿಗೆ, ಹುಲ್ಲಿನ ಮೆದೆ ಹೋದವು. ನಮ್ಮ ಹೊಲದ ಡ್ರಿಪ್ ಪೈಪುಗಳು ಕರಗಿ ಮಣ್ಣಿಗೆ ಅಂಟಿಕೊಂಡಿದ್ದವು. ಮನೆಗಳು ಉಳಿದವು, ಮನುಷ್ಯರು ಉಳಿದರು. ತೋಟಗಾರಿಕೆಯವರು, ಕಂದಾಯದವರು ಹೊಲ ಹೊಲಕ್ಕೂ ಬಂದು ನೋಡಿ ಹೋದರು. ಪರಿಹಾರ ಸಿಕ್ಕಿತು, ಕೆಲವರಿಗೆ ಬೇಗ, ಕೆಲವರಿಗೆ ಅಲೆದಾಡಿದ ಮೇಲೆ. ದನಗಳಿಗೆ ಮಳೆ ಬರುವವರೆಗೂ ಮೇವು ಬಂತು. ಅಪ್ಪನ ಅರಿಶಿನಕ್ಕೆ ಹೊಗೆಯ ವಾಸನೆ ಹತ್ತಿತ್ತು, ಆದರೂ ಮಾರಾಟವಾಯಿತು. ತಂಗಿ ಹರದನಹಳ್ಳಿಯಲ್ಲಿ ಚೆನ್ನಾಗಿದ್ದಾಳೆ. ಅವಳ ಮಾವ ಊರಿನವರಿಗೆಲ್ಲ, "ನಮ್ ಸೊಸೇನ ಸರ್ಕಾರದೋರೇ ಧಾರೆ ಎರ್ದು ಕೊಟ್ಟವ್ರೆ" ಎಂದು ಹೇಳಿಕೊಂಡು ತಿರುಗುತ್ತಾರಂತೆ.

ಊರಿಗೆ ಮರಳಿದ ದಿನದ ಒಂದು ಸಂಗತಿ ಮಾತ್ರ ಉಳಿದಿದೆ. ಬೆಂಕಿ ಪೂರ್ತಿ ಆರಿದೆ, ಇನ್ನು ಹೋಗಬಹುದು ಎಂದಾಗ ಮತ್ತೆ ಬಸ್ಸುಗಳು ಬಂದವು. ನಾನು ಚಂದಕವಾಡಿಗೆ ಹೊರಡುವ ಮುಂಚೆ ಅಪ್ಪ ಅವ್ವನನ್ನು ಮನೆ ಸೇರಿಸಿ ಬರಲೆಂದು ಹತ್ತಿದೆ. ಬೆಟ್ಟ ಕಾಣಿಸಿತು. ಕಪ್ಪು. ಬುಡದಿಂದ ನೆತ್ತಿಯವರೆಗೆ ಬಾಣಲಿಯ ತಳದ ಹಾಗೆ. ಅಲ್ಲಲ್ಲಿ ಎಳೆ ಹೊಗೆ. ಬಸ್ಸಿನಲ್ಲಿ ಕೆಲವರು ಅತ್ತರು.

ಊರ ಬಾಗಿಲಲ್ಲಿ ಹೊಂಗೆ ಮರಗಳಿವೆ. ರಸ್ತೆ ಅವುಗಳ ನಡುವೆಯೇ ಹೋಗುತ್ತದೆ. ಅಲ್ಲಿ ಡ್ರೈವರು ಬ್ರೇಕು ಹಾಕಿ ಎಂಜಿನ್ ನಿಲ್ಲಿಸಿದರು. ಮರಗಳ ನೆರಳಲ್ಲಿ, ರಸ್ತೆಯ ಅಂಚಿನಲ್ಲಿ, ರಸ್ತೆಯ ಮೇಲೂ, ಬೆಂಕಿ ಆರಿಸಿದವರು ಮಲಗಿದ್ದರು. ಅರಣ್ಯ ಇಲಾಖೆಯ ಗಾರ್ಡುಗಳು, ದಿನಗೂಲಿಯ ವಾಚರುಗಳು, ಅಗ್ನಿಶಾಮಕದವರು, ಸಹಾಯಕ್ಕೆಂದು ಬೇರೆ ಊರುಗಳಿಂದ ಬಂದ ಜನ. ನಡು ಹಗಲು. ಸೊಪ್ಪಿನ ಬರಲು ಹಿಡಿದುಕೊಂಡೇ ಕೆಲವರು ನಿದ್ದೆ ಹೋಗಿದ್ದರು. ಹುಬ್ಬು ಸುಟ್ಟಿದ್ದವು. ಬೂಟಿನ ಅಡಿ ಕರಗಿ ಸೊಟ್ಟಗಾಗಿತ್ತು. ಮೈಗೆಲ್ಲ ಮಸಿ ಮೆತ್ತಿ ಯಾರು ಹಿರಿಯರು, ಯಾರು ಕಿರಿಯರು, ಯಾರು ಆಫೀಸರು, ಯಾರು ಕೂಲಿಯವರು ಎಂದು ತಿಳಿಯುತ್ತಿರಲಿಲ್ಲ. ಒಬ್ಬನ ತೊಡೆ ಇನ್ನೊಬ್ಬನ ದಿಂಬು. ಅವರಲ್ಲಿ ಯಾರೂ ನಮ್ಮೂರಿನವರಲ್ಲ.

"ಆರನ್ ಒಡೀಬ್ಯಾಡಿ ಸಾಮಿ" ಎಂದು ಅಪ್ಪ ಡ್ರೈವರಿಗೆ ಹೇಳಿದ. ಡ್ರೈವರು ಆಗಲೇ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಿದ್ದರು.

ಎಲ್ಲರೂ ಇಳಿದೆವು. ಗಂಟುಮೂಟೆಗಳನ್ನು ಸದ್ದಾಗದಂತೆ ಒಬ್ಬರ ಕೈಯಿಂದ ಒಬ್ಬರು ಇಳಿಸಿಕೊಂಡೆವು. ಕಂಕುಳಲ್ಲಿದ್ದ ಮಕ್ಕಳಿಗೂ ಅದೇನು ತಿಳಿಯಿತೋ, ಸುಮ್ಮನಾದವು. ಅವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಅವಳನ್ನು ನೋಡಿ ಹಿಂದಿನವರೂ ಕಳಚಿದರು. ಆ ಬಿಸಿ ರಸ್ತೆಯಲ್ಲಿ ಬರಿಗಾಲಲ್ಲಿ, ಮಲಗಿದವರ ಕೈಕಾಲು ತುಳಿಯದಂತೆ ನೋಡಿಕೊಳ್ಳುತ್ತ, ನಾವು ಒಬ್ಬರ ಹಿಂದೆ ಒಬ್ಬರು ಊರೊಳಗೆ ನಡೆದೆವು.